ಕಣ್ಣಿಗೆ ಹೊಡೆಯುವ ದೀಪ, ಕಣ್ಣಿಗೆ ಕಾಣದ ಸೈಕಲ್

ಇವತ್ತು ನಾನು ಮಾತಾಡ್ತಿರೋದು ಲಾರಿ, ಬಸ್ಸಿನ ಬಗ್ಗೆ ಅಲ್ಲ. ಸೈಕಲ್ಲಿಗೂ ಸೈಕಲ್ಲಿಗೂ ನಡೆಯೋ ಜಗಳದ ಬಗ್ಗೆ. ನಗಬೇಡಿ, ಇದು ಪ್ರಾಣದ ಪ್ರಶ್ನೆ.

ಕತ್ತಲಾದ ಮೇಲೆ ಬೆಂಗಳೂರಿನ ರಸ್ತೆಯಲ್ಲಿ ನಾನು ಎರಡು ಥರದ ಸೈಕಲ್ ನೋಡ್ತೀನಿ. ಒಂದು, ಗೇರ್ ಸೈಕಲ್. ತಲೆಗೆ ಹೆಲ್ಮೆಟ್ಟು, ಹ್ಯಾಂಡಲ್ ಮೇಲೆ 1000 ಲ್ಯೂಮೆನ್ ದೀಪ, ಅದೂ ಪಟಪಟ ಅಂತ ಮಿಂಚುತ್ತಾ ಬರುತ್ತೆ. ಇನ್ನೊಂದು, ಹಳೇ ಸೈಕಲ್. ಕ್ಯಾರಿಯರ್‌ನಲ್ಲಿ ಊಟದ ಡಬ್ಬಿ. ಮುಂದೆ ದೀಪ ಇಲ್ಲ, ಹಿಂದೆ ಕೆಂಪು ಬಿಲ್ಲೆಯೂ ಇಲ್ಲ. ಹೋಟೆಲ್ ಕೆಲಸ ಮುಗಿಸಿದವರು, ನೈಟ್ ಡ್ಯೂಟಿಗೆ ಹೊರಟ ಸೆಕ್ಯೂರಿಟಿಯವರು. ಎಷ್ಟೋ ಸಲ ರಾಂಗ್ ಸೈಡ್‌ನಲ್ಲೇ ಬರ್ತಾರೆ. ಯಾಕೆ? ಡಿವೈಡರ್ ದಾಟೋಕೆ ಒಂದು ಕಿಲೋಮೀಟರ್ ಸುತ್ತಬೇಕು. ದಣಿದ ಕಾಲಿಗೆ ಆ ಒಂದು ಕಿಲೋಮೀಟರ್ ದೂರವೇ.

ಇವರಿಬ್ಬರೂ ಎದುರಾದಾಗ ಏನಾಗುತ್ತೆ?

"ರೀ, ಲೈಟ್ ಕೆಳಗೆ ಮಾಡ್ರೀ, ಕಣ್ಣೇ ಕಾಣ್ತಿಲ್ಲ!"

"ನಿನ್ ಗಾಡೀಲಿ ಲೈಟೇ ಇಲ್ಲ, ರಾಂಗ್ ಸೈಡಲ್ಲಿ ಬಂದು ನನಗೇ ಹೇಳ್ತೀಯಾ?"

ಗಮನಿಸಿ, ಒಬ್ಬರು 'ರೀ' ಅಂದ್ರು. ಇನ್ನೊಬ್ಬರು 'ನೀನು' ಅಂದ್ರು. ರಸ್ತೆಯಲ್ಲಿ ಮರ್ಯಾದೆ ತಪ್ಪಿದ್ದು ಮೊದಲು ಅಲ್ಲಿ.

ಇಬ್ಬರ ಮಾತಲ್ಲೂ ನಿಜ ಇದೆ. ಲೆಕ್ಕ ಹಾಕಿ ನೋಡಿ. ಇಬ್ಬರೂ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬಂದರೆ, ಸೆಕೆಂಡಿಗೆ 11 ಮೀಟರ್ ಹತ್ತಿರ ಆಗ್ತಾರೆ. ಎರಡು ಸೆಕೆಂಡ್ ಕಣ್ಣು ಕತ್ತಲಾಯ್ತು ಅಂದ್ರೆ 22 ಮೀಟರ್. ಹೆಚ್ಚುಕಡಿಮೆ ಎರಡು ಬಿಎಂಟಿಸಿ ಬಸ್ಸಿನ ಉದ್ದ. ಅಷ್ಟರಲ್ಲಿ ಒಂದು ಗುಂಡಿ ಸಾಕು. ದೀಪವೇ ಇಲ್ಲದವನು ಕತ್ತಲಲ್ಲಿ ಎದ್ದು ಬಂದರೂ ಅದೇ ಕಥೆ.

ಹಿರಿಯರಿಗೆ ನೆನಪಿರಬಹುದು. ಒಂದು ಕಾಲದಲ್ಲಿ ದೀಪ ಇಲ್ಲದೆ ಸೈಕಲ್ ಹೊಡೆದರೆ ಪೊಲೀಸರು ಹಿಡೀತಿದ್ರು, ಚಕ್ರದ ಗಾಳಿ ಬಿಡ್ತಿದ್ರು. ದೂರದಲ್ಲಿ ಟೋಪಿ ಕಂಡ ಕೂಡಲೇ ಇಳಿದು, ಪಾಪದವರ ಹಾಗೆ ಸೈಕಲ್ ತಳ್ಳಿಕೊಂಡು ಹೋಗೋರು. ಟೈರಿಗೆ ಉಜ್ಜೋ ಡೈನಮೊ ಇತ್ತು. ತುಳಿದರೆ ಬೆಳಕು, ನಿಂತರೆ ಕತ್ತಲು. ಈಗ ಕೇಳೋರೇ ಇಲ್ಲ. ಸೈಕಲ್ಲಿಗೆ ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಕೇಳೋರು ಇಲ್ಲದ ಕಡೆ ನಡತೆಯೇ ಕಾನೂನು ಆಗಬೇಕು.

ಜರ್ಮನಿಯಲ್ಲಿ ಸೈಕಲ್ಲಿನ ಮುಂದಿನ ದೀಪ ಎದುರಿನವರ ಕಣ್ಣಿಗೆ ಹೊಡೆಯೋ ಹಾಗಿಲ್ಲ, ಮಿನುಗೋ ಹಾಗೂ ಇಲ್ಲ. ಅಲ್ಲಿ ಅದು ಕಾನೂನು. ನಮಗೆ ಅದಕ್ಕೆ ಸರ್ಕಾರ ಬೇಕಾ? ದೀಪದ ಮೂತಿಯನ್ನು ನೆಲದ ಕಡೆ ತಿರುಗಿಸೋಕೆ ಬೆರಳು ಸಾಕು.

ಇನ್ನು ದೀಪ ಇಲ್ಲದವರಿಗೆ. ಅಣ್ಣಾ, ದೀಪ ನಿಮಗೆ ದಾರಿ ಕಾಣಲಿ ಅಂತ ಮಾತ್ರ ಅಲ್ಲ, ನೀವು ಬೇರೆಯವರಿಗೆ ಕಾಣಲಿ ಅಂತ. ಬೀದಿ ದೀಪ ಇದೆಯಲ್ಲ ಅಂತೀರಿ. ಅದರ ಕೆಳಗೆ ನೀವು ಬರೀ ನೆರಳು. ದೀಪ ಹಾಕಿಸಿದರೆ ಸ್ಟ್ಯಾಂಡಿನಲ್ಲೇ ಕಳ್ಳತನ ಆಗುತ್ತೆ ಅನ್ನೋದೂ ನಿಜ. ಹಾಗಾದರೆ ರೇಡಿಯಂ ಅಂಟಿಸಿ. ಗಾಡಿಗಳಿಗೆ ಸ್ಟಿಕ್ಕರ್ ಕತ್ತರಿಸಿ ಕೊಡೋ ಅಂಗಡಿಯಲ್ಲಿ ಸಿಗುತ್ತೆ. ಹಿಂದಿನ ಮಡ್‌ಗಾರ್ಡ್‌ಗೆ ಒಂದು ಪಟ್ಟಿ, ಪೆಡಲ್‌ಗೆ ಎರಡು ತುಂಡು. ಮೇಲೆ ಕೆಳಗೆ ಆಡೋ ಆ ಎರಡು ಚುಕ್ಕೆ ನೋಡಿದ್ರೆ ಸಾಕು, ಮುಂದೆ ಹೋಗ್ತಿರೋದು ಸೈಕಲ್ಲು ಅಂತ ಲಾರಿ ಡ್ರೈವರಿಗೂ ಗೊತ್ತಾಗುತ್ತೆ. ರಾಂಗ್ ಸೈಡ್ ಬರಲೇಬೇಕಾದರೆ ಇಳಿದು, ತಳ್ಳಿಕೊಂಡು ಬನ್ನಿ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ. ಇಲ್ಲಿ ಮೂರನೆಯವನು ಹಾರ್ನ್ ಹೊಡೆದು ಇಬ್ಬರನ್ನೂ ಮೋರಿ ಕಡೆ ತಳ್ಳೋ ಕಾರಿನವನು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆ ಅಂತಲೇ ಪಥ ಮಾಡಿದ್ರು. ಅಲ್ಲೂ ಬೈಕುಗಳು ನುಗ್ಗಿದವು. ರಸ್ತೆಯ ಅಂಚಲ್ಲಿ ಉಳಿಯೋದು ಎರಡಡಿ ಜಾಗ. ಅದರಲ್ಲೂ ಕಿತ್ತಾಡಿದರೆ ಹೇಗೆ?

ಮೊದಲು ಯಾರು ತಗ್ಗಬೇಕು? ದೀಪ ಇರೋರು. ಒತ್ತೋ ಗುಂಡಿ ಇರೋದು ಅವರ ಬೆರಳ ತುದಿಯಲ್ಲಿ. 'ನೀನು' ಅನ್ನೋದನ್ನು 'ನೀವು' ಅಂತ ಮಾಡೋಕಂತೂ ಗುಂಡಿಯೂ ಬೇಡ.

ಸೈಕಲ್ ಹೊಡೆಯದವರಿಗೂ ಒಂದು ಮಾತು. ನಿಮ್ಮ ಅಪಾರ್ಟ್‌ಮೆಂಟ್ ಗೇಟಿನ ಪಕ್ಕ ಸೆಕ್ಯೂರಿಟಿಯವರ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತೆ. ನಾಳೆ ಬೆಳಿಗ್ಗೆ ಅದರ ಹಿಂದಿನ ಮಡ್‌ಗಾರ್ಡ್ ನೋಡಿ. ಕೆಂಪು ಬಿಲ್ಲೆ ಇಲ್ಲದಿದ್ದರೆ, ಒಂದು ರೇಡಿಯಂ ಪಟ್ಟಿ ತಂದು ಅಂಟಿಸಿ. ಐದು ನಿಮಿಷದ ಕೆಲಸ.