ವಿದ್ಯಾರ್ಥಿಗಳು ಮತ್ತು ತಂಬಾಕು: ಬದಲಾಗುತ್ತಿರುವ ಚಿತ್ರ



ಈಗಿನ ಹುಡುಗರು ಕೆಟ್ಟುಹೋದರು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬ ಹಿರಿಯರ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಇದು ನಿಜವೇ ಎಂದು ಪರೀಕ್ಷಿಸುವುದು ಹೇಗೆ? ಒಂದೇ ವಯಸ್ಸಿನ ಮಕ್ಕಳಿಗೆ ಒಂದೇ ಬಗೆಯ ಪ್ರಶ್ನೆಗಳನ್ನು ಕೆಲವು ವರ್ಷಗಳಿಗೊಮ್ಮೆ ಕೇಳುತ್ತ ಹೋಗಬೇಕು. ತಂಬಾಕಿನ ಮಟ್ಟಿಗೆ ಅಂಥ ಲೆಕ್ಕ ನಮ್ಮಲ್ಲಿದೆ. ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಭಾರತದಲ್ಲಿ 2003, 2006, 2009 ಮತ್ತು 2019ರಲ್ಲಿ ನಡೆದಿದೆ. 13ರಿಂದ 15 ವರ್ಷದ ಶಾಲಾ ಮಕ್ಕಳು ತರಗತಿಯಲ್ಲೇ ಕುಳಿತು ಉತ್ತರಗಳನ್ನು ತುಂಬುತ್ತಾರೆ. ಹೆಸರು ಬರೆಯುವ ಹಾಗಿಲ್ಲ. ಆದ್ದರಿಂದ ಮೇಷ್ಟರ ಹೆದರಿಕೆಯೂ ಇಲ್ಲ, ಮನೆಯವರ ಹೆದರಿಕೆಯೂ ಇಲ್ಲ.

2009ರಲ್ಲಿ ಈ ವಯಸ್ಸಿನ ವಿದ್ಯಾರ್ಥಿಗಳಲ್ಲಿ ಶೇಕಡಾ 14.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2019ರಲ್ಲಿ ಆ ಪ್ರಮಾಣ ಶೇಕಡಾ 8.5ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಇದು ದೊಡ್ಡ ಇಳಿತ. ಹಿರಿಯರ ಮಾತು ಈ ಒಂದು ವಿಷಯದಲ್ಲಂತೂ ಸುಳ್ಳಾಯಿತು.

ಆದರೆ ಸರಾಸರಿ ಎಂಬುದು ಬಹಳಷ್ಟನ್ನು ಮುಚ್ಚಿಡುತ್ತದೆ. ಗಂಡುಮಕ್ಕಳಲ್ಲಿ ಬಳಕೆ ಶೇಕಡಾ 19ರಿಂದ 9.6ಕ್ಕೆ ಇಳಿಯಿತು, ಅಂದರೆ ಅರ್ಧದಷ್ಟು. ಹೆಣ್ಣುಮಕ್ಕಳಲ್ಲಿ 8.3 ಇದ್ದದ್ದು 7.4ಕ್ಕೆ ಬಂದಿತು, ಅಷ್ಟೇ. ತಂಬಾಕು ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಸಿಗರೇಟು ಹಿಡಿದ ಹುಡುಗ. ಭಿತ್ತಿಚಿತ್ರ, ಭಾಷಣ, ಬೀದಿನಾಟಕಗಳೆಲ್ಲ ಹೆಚ್ಚಾಗಿ ಅವನನ್ನೇ ಉದ್ದೇಶಿಸಿ ಮಾಡಿದವು. ಹಲ್ಲುಜ್ಜಲು ಬಳಸುವ ತಂಬಾಕಿನ ಪುಡಿ, ಎಲೆ ಅಡಿಕೆಯ ಜೊತೆ ಬಾಯಿಗೆ ಹೋಗುವ ಹೊಗೆಸೊಪ್ಪಿನ ಚೂರು, ಇವನ್ನು ಎಷ್ಟೋ ಮನೆಗಳಲ್ಲಿ ಚಟವೆಂದೇ ಎಣಿಸುವುದಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ಅಂಕಿಗಳು. 2019ರ ಸಮೀಕ್ಷೆಯಲ್ಲಿ ಸಿಗರೇಟು ಸೇದಿದವರ ಪೈಕಿ ಶೇಕಡಾ 38, ಬೀಡಿ ಸೇದಿದವರ ಪೈಕಿ ಶೇಕಡಾ 47, ಅಗಿಯುವ ಮತ್ತಿತರ ಹೊಗೆಯಿಲ್ಲದ ತಂಬಾಕು ಬಳಸಿದವರ ಪೈಕಿ ಶೇಕಡಾ 52 ಮಂದಿ ಅದನ್ನು ಆರಂಭಿಸಿದ್ದು ಹತ್ತು ವರ್ಷ ತುಂಬುವ ಮೊದಲೇ! ಹತ್ತು ವರ್ಷವೆಂದರೆ ನಾಲ್ಕನೆಯ ಅಥವಾ ಐದನೆಯ ತರಗತಿ. ಮೀಸೆ ಚಿಗುರುವ ಕಾಲದ ಹುಮ್ಮಸ್ಸು, ಗೆಳೆಯರ ಒತ್ತಾಯ, ಕಾಲೇಜಿನ ಸ್ವಾತಂತ್ರ್ಯ ಎಂದು ನಾವು ಹೇಳುವ ಕಾರಣಗಳಲ್ಲಿ ಒಂದೂ ಆ ವಯಸ್ಸಿನ ಮಗುವಿಗೆ ಹೊಂದುವುದಿಲ್ಲ. "ಹೋಗೋ, ಅಂಗಡಿಯಿಂದ ಒಂದು ಕಟ್ಟು ಬೀಡಿ ತಗೊಂಡು ಬಾ" ಎಂದು ಚಿಲ್ಲರೆ ಕೊಟ್ಟು ಕಳಿಸುವುದು ಮನೆಯ ಹಿರಿಯರೇ ಅಲ್ಲವೇ? ಹಾಗಿದ್ದೂ ತಂಬಾಕಿನ ಪಾಠವನ್ನು ನಾವು ಒತ್ತಿ ಹೇಳುವುದು ಪ್ರೌಢಶಾಲೆಯಲ್ಲಿ. ಅಷ್ಟು ಹೊತ್ತಿಗೆ ಬಳಸುವವರಲ್ಲಿ ಅರ್ಧದಷ್ಟು ಮಕ್ಕಳು ಮೂರು ನಾಲ್ಕು ವರ್ಷಗಳ ಅನುಭವಿಗಳಾಗಿರುತ್ತಾರೆ. ಬೆಳೆಯುತ್ತಿರುವ ಮಿದುಳಿಗೆ ನಿಕೋಟಿನ್ ಬೇಗ ಅಂಟಿಕೊಳ್ಳುತ್ತದೆ; ಎಷ್ಟು ಚಿಕ್ಕಂದಿನಲ್ಲಿ ಹತ್ತಿದರೆ ಬಿಡುವುದು ಅಷ್ಟು ಕಷ್ಟ.

ಹಾಗಾದರೆ ಇಳಿತ ಬಂದದ್ದು ಎಲ್ಲಿಂದ? ಹುಡುಗರೆಲ್ಲ ಏಕಾಏಕಿ ಬುದ್ಧಿವಂತರಾದರು ಎನ್ನಲಾರೆ. ಅವರ ಸುತ್ತಲಿನ ಪರಿಸರ ಬದಲಾಯಿತು ಎಂಬುದೇ ನನ್ನ ಅಭಿಪ್ರಾಯ. 2003ರ ಕಾನೂನು 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ, ಶಾಲಾ ಕಾಲೇಜುಗಳಿಂದ 100 ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಹೊಸ ನಿಯಮಗಳು ಜಾರಿಗೆ ಬಂದವು. ಬಸ್ಸಿನಲ್ಲಿ, ಚಿತ್ರಮಂದಿರದಲ್ಲಿ ಹೊಗೆ ಬಿಡುವುದು ಒಂದು ಕಾಲಕ್ಕೆ ಮಾಮೂಲು ಸಂಗತಿ. ಇಂದಿನ ಮಕ್ಕಳಿಗೆ ಅದು ಕಂಡೇ ಇಲ್ಲ. 2009ರಲ್ಲಿ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದವು, 2016ರಲ್ಲಿ ಅವು ಪೊಟ್ಟಣದ ಶೇಕಡಾ 85 ಭಾಗವನ್ನು ಆಕ್ರಮಿಸಿದವು. 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು.

ವ್ಯಾಪಾರಕ್ಕೂ ಬುದ್ಧಿ ಇದೆ. ಗುಟ್ಕಾ ಹೋಯಿತು, ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು, ಎರಡೂ ಜೋಡಿಯಾಗಿ ಅಂಗಡಿಯಲ್ಲಿ ನೇತಾಡತೊಡಗಿದವು. ಬೆರೆಸುವ ಕೆಲಸ ಮಾತ್ರ ಗಿರಾಕಿಯದು. ತಂಬಾಕಿಲ್ಲದ ಪಾನ್ ಮಸಾಲ ನಿರಪಾಯವೆಂದೂ ತಿಳಿಯಬೇಡಿ. ಅಡಿಕೆಯೇ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಕಹಿಯಾದ ಮಾತು, ಬಲ್ಲೆ. ಸದಾ ಅಗಿಯುವವರ ಕೆನ್ನೆಯ ಒಳಭಾಗ ಕ್ರಮೇಣ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದ ಸ್ಥಿತಿ ಬರುತ್ತದೆ. ತುತ್ತು ಇಡುವುದೂ ಕಷ್ಟ. ಇನ್ನು ಇ-ಸಿಗರೇಟು: ಹರಡುವ ಮೊದಲೇ 2019ರಲ್ಲಿ ಕೇಂದ್ರ ಸರ್ಕಾರ ಅದರ ತಯಾರಿಕೆ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿತು.

2019ರ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಕೇವಲ ಶೇಕಡಾ 1.2. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಮಿಜೋರಾಂ, ಅರುಣಾಚಲಗಳಲ್ಲಿ ಅದು ಶೇಕಡಾ 58. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನೇ ಬೆಳೆದು ಬೇಯಿಸುವ ನಾಡಿಗೆ ಇದು ಸಂತೋಷದ ಸುದ್ದಿಯೇ. ಆದರೆ ಒಂದು ಮಾತು ನೆನಪಿರಲಿ. ಈ ಲೆಕ್ಕದಲ್ಲಿರುವುದು ಶಾಲೆಗೆ ಬಂದ ಮಕ್ಕಳು ಮಾತ್ರ. ಶಾಲೆ ಬಿಟ್ಟು ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ದುಡಿಯುವ ನಿಮ್ಮದೇ ವಯಸ್ಸಿನ ಹುಡುಗನನ್ನು ಯಾರೂ ಈ ಪ್ರಶ್ನೆ ಕೇಳಿಲ್ಲ.

ಮತ್ತೊಂದು ಸಂಗತಿ. ಸಿಗರೇಟು, ಬೀಡಿ ಸೇದುವ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಅದನ್ನು ಕೊಂಡದ್ದು ಅಂಗಡಿ ಅಥವಾ ಬೀದಿಬದಿಯ ವ್ಯಾಪಾರಿಯಿಂದ. ಕಾನೂನು ಬಂದು 16 ವರ್ಷಗಳಾದ ಮೇಲಿನ ಮಾತಿದು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಈ ವಯೋಮಿತಿ 18ರಿಂದ 21ಕ್ಕೆ ಏರಿದೆ. ಆದ್ದರಿಂದ ಕಾಲೇಜು ವಿದ್ಯಾರ್ಥಿಗಳಲ್ಲೂ ಹೆಚ್ಚಿನವರಿಗೆ ಈಗ ಸಿಗರೇಟು ಮಾರುವಂತಿಲ್ಲ.

ಈಗಾಗಲೇ ಆರಂಭಿಸಿ, ಬಿಡಬೇಕೆಂದು ಒಳಗೊಳಗೇ ಹೆಣಗುತ್ತಿರುವವರು ನಿಮ್ಮಲ್ಲಿ ಇರಬಹುದು. ಅದನ್ನು ಯಾರ ಹತ್ತಿರ ಹೇಳುವುದು ಎಂಬುದೇ ಅವರ ದೊಡ್ಡ ಸಂಕಟ. ರಾಷ್ಟ್ರೀಯ ತಂಬಾಕು ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 1800-11-2356. ಕರೆಗೆ ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಒಂದು ಕೇಂದ್ರವಾದ್ದರಿಂದ ಕನ್ನಡದಲ್ಲೇ ಮಾತನಾಡಬಹುದು.