ವಜ್ರದೊಳಗಿನ ಹೊಡೆತ ಕಂಡದ್ದು ಹೇಗೆ?



ಸಂಘದ ತಮ್ಮಂದಿರೇ, ತಂಗ್ಯಾರೇ, ಓಣಿಯ ಹಿರಿಯರೇ, ಇವತ್ತು ನಿಮ್ಮ ಮುಂದ ಒಂದು ವಿಜ್ಞಾನದ ಮಾತು ಇಡ್ತೀನಿ.

ದವಾಖಾನ್ಯಾಗ ಎಕ್ಸ್-ರೇ ತೆಗೆಸಿಕೊಂಡವರು ನಿಮ್ಮೊಳಗ ಬಹಳ ಮಂದಿ ಇರಬಹುದು. ಎಲುಬು ಕಿರಣವನ್ನು ಹೆಚ್ಚು ತಡೀತದ, ಮಾಂಸ ಕಡಿಮೆ ತಡೀತದ. ಆ ನೆರಳೇ ಚಿತ್ರ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದದ್ದು ಇದನ್ನೇ. ಆದರೆ ವಜ್ರದಂಥ ಹಗುರ ಇಂಗಾಲದ ವಸ್ತುವಿನೊಳಗ ಒಂದು ಅಲೆ ಓಡಿದರ ಅದರ ನೆರಳು ಸರಿಯಾಗಿ ಬೀಳೂದಿಲ್ಲ. ಹಂಗಾದರ ನೋಡೂದು ಹೆಂಗ?

ಬಾವಿ ನೆನಪು ಮಾಡ್ಕೊಳ್ರಿ. ತಿಳಿ ನೀರು ಬಿಸಿಲನ್ನ ತಡೆಯೂದಿಲ್ಲ. ಆದರೂ ಕಲ್ಲು ಒಗೆದರ, ನೀರೊಳಗಿನ ಮೆಟ್ಟಿಲ ಮ್ಯಾಲ ಬೆಳಕಿನ ಗೆರೆಗಳು ಓಡ್ತಾವ. ಅಲೆ ಬೆಳಕನ್ನ ಬಾಗಿಸಿದ್ದಕ್ಕ ಆ ಗೆರೆ ಬರ್ತದ. ಎಕ್ಸ್-ರೇ ಕೂಡ ಹೀಗೇ ತುಸು ಬಾಗ್ತದ. ಕ್ಯಾಮೆರಾವನ್ನು ವಸ್ತುವಿನಿಂದ ದೂರ ಇಟ್ಟರ ಆ ಬಾಗು ಗೆರೆಯಾಗಿ ಕಾಣ್ತದ. ಇದಕ್ಕ ಫೇಸ್ ಕಾಂಟ್ರಾಸ್ಟ್ ಚಿತ್ರಣ ಅಂತಾರ.

ಅಮೆರಿಕದ ಸ್ಲ್ಯಾಕ್ ಪ್ರಯೋಗಶಾಲೆಯಲ್ಲಿ ವಜ್ರದ ಮೇಲೆ ಈ ಪ್ರಯೋಗ ಮಾಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬಲವಾದ ಲೇಸರ್ ಬಡಿದಾಗ ವಸ್ತುವಿನ ಮೇಲ್ಪದರ ಆವಿಯಾಗಿ ಹೊರಗ ಸಿಡೀತದ. ಬಂದೂಕು ಹಿಂದಕ್ಕ ಒದ್ದಂಗ, ಆ ಸಿಡಿತದ ಒದೆತ ಒಳಗ ಆಘಾತದ ಅಲೆ ಎಬ್ಬಿಸ್ತದ. ವಜ್ರದಾಗ ಅದರ ವೇಗ ಸೆಕೆಂಡಿಗೆ ಸುಮಾರು 20 ಕಿ.ಮೀ. ಸೋಲಾಪುರದಿಂದ ಅಕ್ಕಲಕೋಟಕ್ಕ ಎರಡೇ ಸೆಕೆಂಡು ಅನ್ರಿ! ಎಕ್ಸ್-ರೇ ಮಿಂಚು ಮಾತ್ರ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಅಷ್ಟರಾಗ ಅಲೆ ಕೂದಲ ದಪ್ಪದ ಸಾವಿರದಲ್ಲಿ ಒಂದು ಪಾಲೂ ಸರಿಯೂದಿಲ್ಲ. ಹಿಂಗಾಗಿ ಚಿತ್ರ ಮಸುಕಾಗೂದಿಲ್ಲ.

ಇದರಿಂದ ಏನು ಉಪಯೋಗ? 2022ರ ಡಿಸೆಂಬರ್ 5ರಂದು ಅಮೆರಿಕದಲ್ಲಿ 192 ಲೇಸರ್ ಕಿರಣಗಳು ವಜ್ರದ ಪುಟ್ಟ ಗುಂಡನ್ನು ಒಳಕ್ಕ ಒತ್ತಿಸಿ, ಒಳಗಿನ ಹೈಡ್ರೋಜನ್ ಬೆಸೆಯುವಂತೆ ಮಾಡಿದವು. 2.05 ಮೆಗಾಜೂಲ್ ಕೊಟ್ಟದ್ದಕ್ಕ 3.15 ಬಂತು. ಗುಂಡಿನ ಗೋಡೆಯಾಗ ಕಣ್ಣಿಗೆ ಕಾಣದ ತೂತು ಇದ್ದರೂ ಒತ್ತಡ ಕೆಡ್ತದ. ಆಘಾತದ ಅಲೆ ಅಂಥ ತೂತಿಗೆ ತಾಕಿದಾಗ ಏನಾಗ್ತದ ಅನ್ನೋದನ್ನ ಈ ಚಿತ್ರಣ ತೋರಿಸ್ತದ.

ಫೇಸ್ ಕಾಂಟ್ರಾಸ್ಟ್ ಚಿತ್ರ ತೆಗೆಯೋ ಸೌಕರ್ಯ ನಮ್ಮ ದೇಶದಾಗೂ ಅದ. ಇಂದೋರಿನಲ್ಲಿ, ಕನ್ನಡಿಗ ರಾಜಾ ರಾಮಣ್ಣ ಅವರ ಹೆಸರಿನ ಕೇಂದ್ರದ ಇಂಡಸ್-2 ಯಂತ್ರದಾಗ. ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಹೋಗಿ ಕೆಲಸ ಮಾಡಬಹುದು. ಬಾಬಾಸಾಹೇಬರು ಹುಟ್ಟಿದ ಮಹೂ ಇಂದೋರಿನ ಮಗ್ಗುಲಿಗೇ ಅದ ಅನ್ನೋದು ನಿಮಗ ಗೊತ್ತು.

ತಮ್ಮಂದಿರೇ, ತಂಗ್ಯಾರೇ, ಹತ್ತನೇತ್ತಾ ಮುಗಿದ ಕೂಡಲೇ ‘ವಿಜ್ಞಾನ ನಮ್ಮಂಥವರಿಗಲ್ಲ’ ಅಂದವರ ಮಾತು ಕೇಳಬ್ಯಾಡ್ರಿ. ಕನ್ನಡ ಶಾಲ್ಯಾಗ ಕಲಿತದ್ದು ಅಡ್ಡಿ ಆಗೂದಿಲ್ಲ. ಹೊಸ ಶಬ್ದ ಆರು ತಿಂಗಳಾಗ ಬರ್ತಾವ. ಪಿಎಚ್.ಡಿ. ತನಕ ಹೋದವರಿಗೆ ಪರಿಶಿಷ್ಟ ಜಾತಿಯ ರಾಷ್ಟ್ರೀಯ ಫೆಲೋಶಿಪ್ ಅದ. ಮುಂದಿನ ವರ್ಷದ ಸಂಚಿಕೆಯೊಳಗ ಇಂಥ ಲೇಖನ ನಿಮ್ಮೊಳಗಿನವರೇ ಬರೀಬೇಕು. ಜೈ ಭೀಮ್.