‘ಊರಲ್ಲಿ ನಿನಗೆ ಖರ್ಚೇನಿದೆ?’ ಎನ್ನುವ ಧಣಿಗೆ ಲೆಕ್ಕ ಕೊಡಿ!



ಗೋಕಾಕ ಎಂದ ಕೂಡಲೇ ಬೆಂಗಳೂರಿನ ನಿಮಗೆ 1982ರ ಚಳವಳಿ ನೆನಪಾಗುತ್ತದೆ. ಅದು ವಿ.ಕೃ. ಗೋಕಾಕರ ವರದಿಯ ಹೆಸರು ಹೊತ್ತ ಚಳವಳಿ, ನಮ್ಮೂರಿನದಲ್ಲ. ನಮ್ಮೂರಿನದು ಜಲಪಾತ, ಕರದಂಟು, ಮತ್ತು 19ನೇ ಶತಮಾನದಲ್ಲೇ ಘಟಪ್ರಭೆಯ ನೀರಿನ ಬಲದಿಂದ ಶುರುವಾದ ನೂಲಿನ ಗಿರಣಿ. ತಿಂಗಳ ಪಗಾರ ಎಂದರೇನೆಂದು ಈ ಊರಿಗೆ ಹಲವು ತಲೆಮಾರಿನಿಂದ ಗೊತ್ತು.

ಬೆಂಗಳೂರಿನ ಬಾಡಿಗೆ ಕಟ್ಟಿ ಸಾಕಾಗಿ ನಿಮ್ಮಲ್ಲಿ ಕೆಲವರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕೆಲಸ ಸಿಕ್ಕೀತೇ ಎನ್ನುತ್ತೀರಿ. ಬನ್ನಿ, ಬೇಡ ಎನ್ನುವುದಿಲ್ಲ. ಆದರೆ ಇಲ್ಲಿ ಧಣಿ ಮೊದಲು ಕೇಳುವ ಪ್ರಶ್ನೆ ಯಾವುದು ಗೊತ್ತೆ? ‘ಊರಲ್ಲಿ ನಿನಗೆ ಖರ್ಚೇನಿದೆ?’ ಈ ಒಂದು ಮಾತಿಗೆ ಪಗಾರ ಅರ್ಧಕ್ಕೆ ಇಳಿಯುತ್ತದೆ!

ಸರ್ಕಾರದ ಲೆಕ್ಕ ನೋಡಿ. 7ನೇ ವೇತನ ಆಯೋಗದ ಮೇಲೆ, 2024ರ ಆಗಸ್ಟ್‌ನಿಂದ, ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 27,000 ರೂಪಾಯಿ. ಬೆಂಗಳೂರಿನಲ್ಲೂ ಅಷ್ಟೇ, ಹುಕ್ಕೇರಿಯಲ್ಲೂ ಅಷ್ಟೇ. ತುಟ್ಟಿಭತ್ಯೆಯೂ ಒಂದೇ. ಬೇರೆಯಾಗುವುದು ಮನೆ ಬಾಡಿಗೆ ಭತ್ಯೆ. ಅಲ್ಲಿ ಶೇ. 20, ಇಲ್ಲಿ ಶೇ. 7.5. ಅಂದರೆ ಅಲ್ಲಿ 5,400, ಇಲ್ಲಿ 2,025. ವ್ಯತ್ಯಾಸ 3,375 ರೂಪಾಯಿ. ನಗರ ಪರಿಹಾರ ಭತ್ಯೆಯ ಚಿಲ್ಲರೆ ಸೇರಿಸಿದರೂ ಅರ್ಧಕ್ಕರ್ಧ ಎಲ್ಲಿಂದ ಬಂತು? ತೊಗರಿಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರ್ ಮೂಡಲಗಿಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆಯೇ ಸ್ವಾಮಿ? ಮನೆಯ ಕರೆಂಟು, ಹೆಂಗಸರ ಬಸ್ಸು 2023ರಿಂದ ಪುಕ್ಕಟೆ ಅಲ್ಲವೇ ಎಂದರೆ, ಆ ಯೋಜನೆಗಳು ಬೆಂಗಳೂರಿಗೂ ಉಂಟು!

ಪಗಾರ ಅಳೆಯಲು ಹಳೆಯದೊಂದು ಅಳತೆಗೋಲಿದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕೊಟ್ಟದ್ದು. ದುಡಿಯುವವನ ಸಂಸಾರವನ್ನು ಮೂರು ಘಟಕವೆಂದು ಹಿಡಿದು ಊಟ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ. ಉರುವಲು, ದೀಪ, ಇತರೆಗೆ ಒಟ್ಟು ಪಗಾರದ ಶೇ. 20. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಶೇ. 25 ಸೇರಿಸಿತು: ಮಕ್ಕಳ ಶಾಲೆ, ಔಷಧ, ಹಬ್ಬ, ಮದುವೆ, ಮುಪ್ಪು. ಉಳಿಯುವುದು ಶೇ. 55. ಧಣಿ 15,000 ಕೊಡುತ್ತೇನೆಂದರೆ ಊಟ, ಬಟ್ಟೆ, ಬಾಡಿಗೆ ಮೂರೂ 8,250ರಲ್ಲಿ ಮುಗಿಯಬೇಕು. ಮುಗಿಯುತ್ತದೆಯೇ? ‘ನನಗಿನ್ನೂ ಮದುವೆಯಾಗಿಲ್ಲ’ ಎನ್ನಬೇಡಿ. ಅಪ್ಪ, ಅವ್ವ ಇದ್ದಾರಲ್ಲ.

ಔಷಧದ ಬಾಬತ್ತಿನಲ್ಲಿ ಸಣ್ಣ ಊರು ಅಗ್ಗವೂ ಅಲ್ಲ. ಮೂಡಲಗಿ 2018ರಲ್ಲಿ ತಾಲ್ಲೂಕಾಯಿತು, ಸಂತೋಷ. ಆದರೆ ದೊಡ್ಡ ಆಪರೇಷನ್ ಎಂದರೆ ಬೆಳಗಾವಿಗೇ ಹೊರಡಬೇಕು. ಗಾಡಿಯ ಬಾಡಿಗೆ, ಜೊತೆಗೆ ಹೋದವರ ಊಟ, ಅಲ್ಲಿ ಉಳಿಯುವ ಖರ್ಚು, ಕತ್ತರಿಸಿದ ದಿನಗೂಲಿ. ಇದನ್ನು ಯಾವ ಧಣಿ ಲೆಕ್ಕಕ್ಕೆ ಹಿಡಿಯುತ್ತಾನೆ?

ನಾನೂ ಒಂದು ಕಾಲಕ್ಕೆ ಆ ಮಾತಿಗೆ ತಲೆದೂಗಿದವನೇ. ಅಪ್ಪ ಕಟ್ಟಿದ ಮನೆ, ಅವ್ವನ ರೊಟ್ಟಿ, ಹೊಲದ ಜೋಳ. ಪಗಾರ ಸಾಕಾಗುತ್ತದೆ ಎಂದುಕೊಂಡು ಐದು ವರ್ಷ ಕಳೆದೆ. ಅಪ್ಪ ಹಾಸಿಗೆ ಹಿಡಿದ ತಿಂಗಳು, ಇಷ್ಟು ದಿನ ಮನೆ ನಡೆಸಿದವರು ಅವರೇ ಎಂದು ಗೊತ್ತಾಯಿತು. ನನ್ನ ಪಗಾರ ಪೆಟ್ರೋಲಿಗೆ, ಚಹಾಕ್ಕೆ ಹೋಗುತ್ತಿತ್ತು. ಧಣಿ ಉಳಿಸಿಕೊಂಡದ್ದು ನನ್ನ ಅಪ್ಪನ ದುಡಿಮೆಯನ್ನು!

ಆದ್ದರಿಂದ ಕೆಲಸದ ಮಾತಿಗೆ ಒಂದು ದಿನ ಮೊದಲೇ ಬನ್ನಿ. ಖಾನಾವಳಿಯಲ್ಲಿ ತಿಂಗಳ ಊಟಕ್ಕೆಷ್ಟು ಕೇಳಿ. ಎರಡು ಓಣಿ ತಿರುಗಿ ಬಾಡಿಗೆ, ಮುಂಗಡ ವಿಚಾರಿಸಿ. ಗೋಕಾಕದಲ್ಲಿ ನದಿ ಕಡೆಯ ಮನೆ ಅಗ್ಗಕ್ಕೆ ಸಿಕ್ಕರೆ, 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಓಣಿಯ ಹಿರಿಯರನ್ನು ಕೇಳಿ. ಕಡೆಗೆ ಕಿರಾಣಿ ಅಂಗಡಿಗೆ ಹೋಗಿ, ‘ಇಲ್ಲಿ ಪಗಾರದವರು ಯಾವ ತಾರೀಖಿನಿಂದ ಉದ್ರಿ ಬರೆಸುತ್ತಾರೆ ಅಣ್ಣಾ?’ ಎಂದು ಕೇಳಿ. ಅವನು 15 ಎಂದರೆ, ಹೂಂ ಎನ್ನುವ ಮುಂಚೆ ನಿಮ್ಮ ಲೆಕ್ಕದ ಚೀಟಿಯನ್ನು ಧಣಿಯ ಮೇಜಿನ ಮೇಲಿಡಿ.